ಡಿಎಸ್‌ಪಿ ಲ್ಯಾಬಿಗೆ ಮೊಬೈಲ್ ಸಾಕಾಗ್ತದೇನ್ರಿ?

ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನ್ಯಾಗ ಡಿಎಸ್‌ಪಿ, ಅಂದ್ರ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ (ಸಿಗ್ನಲ್ಲನ್ನ ಅಂಕಿ ಮಾಡಿ ಲೆಕ್ಕ ಹಾಕೋ ವಿಷಯ) ಕ್ಲಾಸ್ ತಗೋತೀನಿ. ಅರವತ್ತು ಹುಡುಗರು, ನಡಿಯೋ ಕಂಪ್ಯೂಟರ್ ಹದಿನಾಲ್ಕು, ಬ್ಯಾಸಿಗ್ಯಾಗ ಕರೆಂಟಿನ ಭರೋಸಾ ಇಲ್ಲ. ಎಲ್ಲರ ಕಿಸೇದಾಗ ಫೋನ್ ಅದ. ಅದರ ಮ್ಯಾಲೇ ಲ್ಯಾಬ್ ಮಾಡಿಸಿದವರು ಯಾರರೇ ಇದ್ರ ಹೇಳ್ರಿ.

*

ಮಾಡಿಸೀನ್ರಿ ಸರ. ಫೈಫಾಕ್ಸ್ ಅನ್ನೋ ಆ್ಯಪ್ ಹಾಕ್ಕೋರಿ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರದು, ಪುಕ್ಕಟೆ. ಫೋನಿನ ಸೆನ್ಸರ್ ಓದಿ ಫೈಲ್ ಮಾಡಿ ಕೊಡ್ತದ.

ನಾನು ಹುಡುಗರನ್ನ ತೊಗರಿ ಬ್ಯಾಳಿ ಮಿಲ್ಲಿಗೇ ಕರಕೊಂಡು ಹೋಗಿದ್ದೆ. ಮೋಟಾರಿನ ಪ್ಲೇಟಿನ ಮ್ಯಾಲ 1440 ಆರ್‌ಪಿಎಂ, ಅಂದ್ರ ಸೆಕೆಂಡಿಗೆ 24 ಸುತ್ತು. ಬುಡದ ಕಬ್ಬಿಣಕ್ಕ ಫೋನ್ ಟೇಪ್ ಹಚ್ಚಿ, ಅಲುಗಾಟದ ಅಳತಿ, ಅಂದ್ರ ಸ್ಯಾಂಪಲ್, ಸೆಕೆಂಡಿಗೆ 200 ತಗೊಂಡ್ವಿ. ಎಫ್‌ಎಫ್‌ಟಿ, ಅಂದ್ರ ಯಾವ ಫ್ರೀಕ್ವೆನ್ಸಿ ಎಷ್ಟದ ಅಂತ ಬಿಡಿಸಿ ತೋರಸೋ ಲೆಕ್ಕ, ಹಾಕಿದ್ರ 24 ಹರ್ಟ್ಸ್ (ಸೆಕೆಂಡಿಗೆ 24 ಸಲ) ಹತ್ರ ಪೀಕ್. ಆಮ್ಯಾಲ ಅದೇ ಫೈಲಿನ್ಯಾಗ ಹತ್ತಕ್ಕ ಒಂದು ಇಟ್ಟು ಉಳದದ್ದು ಅಳಸ್ರಿ ಅಂದೆ. ಈಗ ಸೆಕೆಂಡಿಗೆ 20. ಪೀಕ್ ಹೋಗಿ 4ರ ಮ್ಯಾಲ ಕುಂತಿತ್ತು. "ಮೋಟಾರ್ ಮೆಲ್ಲಕ ಆತೇನ್ರಿ ಸರ?" ಅಂದ ಒಬ್ಬ. ಸ್ಯಾಂಪಲ್ ಕಮ್ಮಿ ಬಿದ್ದು ಜೋರಿನ ಫ್ರೀಕ್ವೆನ್ಸಿ ಮೆಲ್ಲಗಿನದಾಗಿ ಕಾಣೋದಕ್ಕ ಅಲಿಯಾಸಿಂಗ್ ಅಂತಾರ, ಅದನ್ನ ಬೋರ್ಡಿನ ಮ್ಯಾಲ ಎಷ್ಟು ಸಲ ಬರದಿದ್ದೆ, ಹಿಂಗ ಒಬ್ಬರೂ ಕೇಳಿರಲಿಲ್ಲ. 24ರಾಗ 20 ಹೋದ್ರ 4 ಅಂತ ತಾವೇ ಹಿಡದ್ರು.

ಪೆಟ್ಟೂ ತಿಂದೀನಿ. ಎಲ್ಲಾ ಫೋನ್ ಒಂದೇ ದರಕ್ಕ ಓದಂಗಿಲ್ಲ. ಸೆಕೆಂಡಿಗೆ 100 ಸಲ ಓದೋ ಫೋನಿಗೆ 200 ಅಂತ ಲೆಕ್ಕ ಹಾಕಿದ ಗುಂಪಿಗೆ 24ರ ಬದಲಿ 48 ಬಂದಿತ್ತು. ಫೈಲಿನ ಸಮಯದ ಕಾಲಂ ನೋಡಿಸಿಯೇ ಮುಂದ ಹೋಗ್ರಿ.

*

ನಾನು ಬೀದರಿನಾಕಿ. ಮಿಲ್ಲು ನಮಗ ದೂರದ ಮಾತು, ಡಯಲ್ ಪ್ಯಾಡ್ ಸಾಕು. ಒಂದು ಫೋನಿನ್ಯಾಗ ಟೋನ್ ಒತ್ತಿ, ಇನ್ನೊಂದರಾಗ ರೆಕಾರ್ಡ್ ಮಾಡಿಸ್ತೀನಿ. ಪ್ರತಿ ಗುಂಡಿಗೆ ಎರಡು ಟೋನ್ ಕೂಡೇ ಬರ್ತಾವ: 1 ಒತ್ತಿದ್ರ 697 ಮತ್ತು 1209 ಹರ್ಟ್ಸ್, 4 ಒತ್ತಿದ್ರ 770 ಮತ್ತು 1209. ಸೆಕೆಂಡಿಗೆ 8000 ಸ್ಯಾಂಪಲ್ ಇಟ್ಟು 64 ಪಾಯಿಂಟ್ (ಒಂದು ಸಲಕ್ಕ 64 ಸ್ಯಾಂಪಲ್) ಎಫ್‌ಎಫ್‌ಟಿ ಹಾಕಿಸ್ರಿ. ಬಿನ್, ಅಂದ್ರ ಎಫ್‌ಎಫ್‌ಟಿಯ ಒಂದೊಂದು ಖಾನೆ, 125 ಹರ್ಟ್ಸಿನದು (8000 ಭಾಗ 64), ಹಿಂಗಾಗಿ 697 ಮತ್ತು 770 ಎರಡೂ ಆರನೇ ಬಿನ್ನಿಗೇ ಬೀಳ್ತಾವ, 1 ಯಾವುದು 4 ಯಾವುದು ಗೊತ್ತಾಗಂಗಿಲ್ಲ. 256 ಪಾಯಿಂಟ್ ಮಾಡಿದ್ರ ಒಂದು 22ನೇ ಬಿನ್ನಿಗೆ, ಒಂದು 25ಕ್ಕ. ರೆಕಾರ್ಡರಿನ ನಾಯ್ಸ್ ರಿಡಕ್ಷನ್ ಮೊದಲು ಬಂದ್ ಮಾಡಿಸ್ರಿ, ಇಲ್ಲಾಂದ್ರ ಅದು ಟೋನನ್ನೇ ತಿಂತದ.

*

ಫೋನ್ ಕೊಟ್ರ ರೀಲ್ಸ್ ನೋಡ್ತಾರ, ಬಿಡ್ರಿ.

*

ನಾಲ್ಕು ಮಂದಿಗೆ ಒಂದೇ ಫೋನ್, ಏರೋಪ್ಲೇನ್ ಮೋಡಿನ್ಯಾಗ. ಅದು ರೀಲ್ಸಿಗಷ್ಟೇ ಅಲ್ಲರೀ, ನಡುವ ಕಾಲ್ ಬಂದ್ರ ಅದರ ವೈಬ್ರೇಶನ್ನೂ ಎಫ್‌ಎಫ್‌ಟಿಯ ಚಿತ್ರದಾಗ (ಸ್ಪೆಕ್ಟ್ರಮ್) ಬರ್ತದ.

*

ಎಲ್ಲರಿಗೂ ಶರಣ್ರಿ. ಡಯಲ್ ಪ್ಯಾಡಿನಿಂದ ಸುರು ಮಾಡ್ತೀನಿ. ಮಿಲ್ಲಿನವರಿಗೆ ಏನಂತ ಹೇಳಿ ಒಳಗ ಹೋದ್ರಿ ಸರ?

*

ಮೋಟಾರ್ ಪುಕ್ಕಟೆ ಚೆಕ್ ಮಾಡಿ ಕೊಡ್ತೀವಿ ಅಂದೆ. ಚಹಾನೂ ಕುಡಿಸಿದ್ರು.