ಹುಟ್ಟುಗುಣವೋ, ಕಷ್ಟವೋ, ಸಹವಾಸವೋ? ಅಂಗಡಿ ಹುಡುಗನ ವಿಷಯದಲ್ಲಿ ನಿಮ್ಮ ಮಾತು ಬೇಕು

ಬೆಣ್ಣೆನಗರಿ ಕಿರಾಣಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಜಗಳೂರು ಕಡೆಯ ಹುಡುಗನೊಬ್ಬ ಎರಡು ವರ್ಷದಿಂದ ಕೆಲಸಕ್ಕಿದ್ದಾನೆ. ಈಗ ಹತ್ತೊಂಬತ್ತು ವಯಸ್ಸು. ಹೋದ ತಿಂಗಳಿಂದ ರಾತ್ರಿ ಗಲ್ಲಾ ಲೆಕ್ಕ ತಾಳೆ ಆಗ್ತಿರಲಿಲ್ಲ, ಒಂದಿನ ಇನ್ನೂರು, ಒಂದಿನ ಐನೂರು ಕಡಿಮೆ. ಮೊದಲು ನಾನೇ ಉದ್ರಿ ಬರೆಯೋದು ಮರೆತಿರಬೇಕು ಅಂದುಕೊಂಡೆ. ಹೋದ ಮಂಗಳವಾರ ಗೋದಾಮಿನಿಂದ ಬರುವಾಗ ಕಣ್ಣಾರೆ ಕಂಡೆ. ಐನೂರರ ನೋಟನ್ನು ನಾಲ್ಕು ಮಡಿಕೆ ಮಾಡಿ ತಕ್ಕಡಿ ಕೆಳಗೆ ಹಾಸಿದ್ದ ಹಳೇ ಪೇಪರಿನ ಅಡಿಗೆ ತಳ್ಳಿದ. ನಾನು ಏನೂ ಅನ್ನಲಿಲ್ಲ. ಪೇಪರ್ ಎತ್ತಿ ನೋಟು ತೆಗೆದು ಗಲ್ಲಾಕ್ಕೆ ಹಾಕಿದೆ. ಅವನು ತಲೆ ತಗ್ಗಿಸಿ ಅಲ್ಲೇ ನಿಂತ.

ನಮ್ಮ ತಂದೆ ಹೇಳೋದು ಒಂದೇ ಮಾತು: ‘ಹುಟ್ಟುಗುಣ ಸುಟ್ಟರೂ ಹೋಗಲ್ಲ, ಕಳಿಸಿಬಿಡು.’ ನನ್ನ ಹೆಂಡತಿ ಒಪ್ಪುತ್ತಿಲ್ಲ. ಯಾಕಂದ್ರೆ ಇದೇ ಹುಡುಗ ಹೋದ ವರ್ಷ, ಒಬ್ಬ ಅಜ್ಜಿ ಅಂಗಡಿಯಲ್ಲೇ ಬಿಟ್ಟುಹೋದ ಪರ್ಸ್ ಹಿಡಿದುಕೊಂಡು ಅಶೋಕ ರಸ್ತೆ ರೈಲ್ವೆ ಗೇಟ್‌ವರೆಗೆ ಓಡಿದ್ದ. ಗೇಟ್ ಹಾಕಿದ್ದಕ್ಕೆ ಅಜ್ಜಿ ಸಿಕ್ಕರು. ಪರ್ಸಿನಲ್ಲಿ ಪಿಂಚಣಿ ದುಡ್ಡಿತ್ತು. ಹಾಗಾದರೆ ಇವೆರಡರಲ್ಲಿ ಅವನ ನಿಜವಾದ ಗುಣ ಯಾವುದು? ಮನುಷ್ಯ ಹುಟ್ಟುವಾಗಲೇ ಹೀಗೆ ಅಂತ ಇರ್ತಾನಾ, ಅಥವಾ ನಾವೆಲ್ಲ ಸೇರಿ ಹಾಗೆ ಮಾಡ್ತೀವಾ? ನಾಲ್ಕು ದಿನದಿಂದ ನಿದ್ದೆ ಇಲ್ಲ.

ದುರ್ಗದ ಮೇಷ್ಟ್ರು:
ಒಳ್ಳೆ ಪ್ರಶ್ನೆ. ನಾನು ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು. ನಿಮ್ಮ ತಂದೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಅವಳಿ ಮಕ್ಕಳ ಮೇಲೆ ಐವತ್ತು ವರ್ಷ ನಡೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟು ಹಾಕಿ ನೋಡಿದರು, 1 ಕೋಟಿ 40 ಲಕ್ಷಕ್ಕೂ ಹೆಚ್ಚು ಅವಳಿ ಜೋಡಿಗಳ ಲೆಕ್ಕ ಅದು. ಜನರ ನಡುವಿನ ವ್ಯತ್ಯಾಸದಲ್ಲಿ ಸರಾಸರಿ ಶೇ 49ರಷ್ಟು ವಂಶದಿಂದ ಬಂದದ್ದು ಅಂತ ಸಿಕ್ಕಿತು. ಆದರೆ ಇದನ್ನು ಜನ ತಪ್ಪು ತಿಳಿಯುತ್ತಾರೆ. ನಿಮ್ಮ ಹುಡುಗನಲ್ಲಿ ಅರ್ಧ ಅಪ್ಪ ಅಮ್ಮನದು, ಅರ್ಧ ಊರಿನದು ಅಂತ ಇದರ ಅರ್ಥ ಅಲ್ಲ. ಒಬ್ಬ ಮನುಷ್ಯನನ್ನು ಹಾಗೆ ಪಾಲು ಮಾಡಲು ಬರಲ್ಲ. ಒಂದೇ ಚೀಲದ ಶೇಂಗಾ ಬೀಜ ಮಸಾರಿ ಹೊಲಕ್ಕೂ ಎರೆ ಹೊಲಕ್ಕೂ ಹಾಕಿ ನೋಡಿ. ಫಸಲಿನಲ್ಲಿ ಬೀಜದ್ದೆಷ್ಟು ಮಣ್ಣಿನದ್ದೆಷ್ಟು ಅಂತ ಒಂದು ಗಿಡ ಕಿತ್ತು ಹೇಳೋಕಾಗುತ್ತಾ? ಕಳ್ಳತನಕ್ಕೆ ಅಂತಲೇ ಒಂದು ಬೀಜವೂ ಇಲ್ಲ.

ಇನ್ನೊಂದು ಹೇಳಬೇಕು. ಪ್ರತಿ ವರ್ಷ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಓಬವ್ವನ ಕಿಂಡಿ ತೋರಿಸ್ತಿದ್ದೆ. ಒಂದು ಸಲ ಆರನೇ ಕ್ಲಾಸಿನ ಹುಡುಗಿ ಆ ಸಂದಿಯಲ್ಲಿ ಕೈ ತೂರಿಸಿ ನೋಡ್ತಾ ಕೇಳಿದಳು: ‘ಸಾರ್, ಇದರೊಳಗೆ ತೂರಿ ಬಂದ ಸೈನಿಕರೆಲ್ಲ ಕೆಟ್ಟವರಾ?’ ನನಗೆ ಉತ್ತರ ಹೊಳೆಯಲಿಲ್ಲ. ಹೈದರಾಲಿ ಸೈನ್ಯದಲ್ಲಿದ್ದವರೂ ಯಾರದೋ ಮನೆ ಮಕ್ಕಳೇ, ಹೋಗು ಅಂದರು, ಬಂದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್ಗ್ರಾಂ ಅನ್ನುವವರು 1961ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಪಕ್ಕದ ಕೋಣೆಯವನಿಗೆ ಕರೆಂಟ್ ಶಾಕ್ ಕೊಡಿ ಅಂತ ಹೇಳಿದಾಗ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಶಾಕ್ ನಿಜವಾದದ್ದಲ್ಲ, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ. ಅದೇ ಆಜ್ಞೆಯನ್ನು ಎದುರಿಗೆ ನಿಲ್ಲದೆ ಫೋನಿನಲ್ಲಿ ಹೇಳಿದಾಗ ಪಾಲಿಸುವವರು ತುಂಬಾ ಕಡಿಮೆಯಾದರು. ಎರಡು ಕಡೆಯೂ ಬಂದಿದ್ದು ಸಾಮಾನ್ಯ ಜನರೇ. ಬದಲಾದದ್ದು ಹೇಳುವವನು ಎಲ್ಲಿ ನಿಂತಿದ್ದ ಅನ್ನೋದು ಮಾತ್ರ. ಆ ಹುಡುಗಿಗೆ ಇದನ್ನು ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ.

ಗಿರಣಿ ಮನೆ ಮಗ:
ಮೇಷ್ಟ್ರೇ, ನಾನು ಓದಿದವನಲ್ಲ, ಕಂಡಿದ್ದು ಹೇಳ್ತೀನಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದರು. ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೂ ಹತ್ತಿ ಎಳೆ ಇರೋದು, ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸೋರು. ಸಂಬಳದ ದಿನ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬರೋರು. ಯಾರಿಗೂ ಜೋರಾಗಿ ಮಾತಾಡಿದವರಲ್ಲ. ಗಿರಣಿ ಬಾಗಿಲು ಹಾಕಿತು. ಎರಡೇ ವರ್ಷದಲ್ಲಿ ಅದೇ ಮನುಷ್ಯ ಕುಡಿದು ಬಂದು ಅಮ್ಮನ ತಾಮ್ರದ ಹಂಡೆ ಹೊತ್ತುಕೊಂಡು ಹೋಗಿ ಮಾರಿದರು. ಹಂಡೆ ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ದುಂಡನೆ ಗುರುತು ಉಳಿದಿತ್ತು, ಅಮ್ಮ ಎಷ್ಟು ಸಾರಿಸಿದರೂ ಹೋಗಲಿಲ್ಲ. ಹುಟ್ಟುಗುಣ ಅನ್ನೋರು ಹೇಳಲಿ, ನಮ್ಮಪ್ಪನ ಹುಟ್ಟುಗುಣ ಯಾವುದು? ಮಂಡಕ್ಕಿ ತಂದದ್ದೋ, ಹಂಡೆ ಮಾರಿದ್ದೋ? ಅಣ್ಣಾ, ಆ ಹುಡುಗನನ್ನು ಕಳಿಸಬೇಡಿ. ಕೆಲಸ ಹೋದ ಮೇಲೆ ಮನುಷ್ಯ ಏನಾಗ್ತಾನೆ ಅಂತ ನಾನು ನೋಡಿದ್ದೀನಿ.

ಭಟ್ಟಿ ಅಕ್ಕ:
ತಮ್ಮಾ, ನಿನ್ನ ಕಷ್ಟ ಓದಿ ಸಂಕಟ ಆಯ್ತು. ಆದರೂ ನಾನು ಬೇರೆ ಮಾತು ಹೇಳ್ತೀನಿ. ನಮ್ಮದು ಮಂಡಕ್ಕಿ ಭಟ್ಟಿ. ಬೆಳಗಿನ ಜಾವ ಮೂರಕ್ಕೆ ಎದ್ದು ಹೊಗೆಯಲ್ಲಿ ಅಕ್ಕಿ ಹುರಿಯೋ ಹೆಣ್ಣುಮಕ್ಕಳನ್ನು ದಿನಾ ನೋಡ್ತೀನಿ. ಬಡತನ ಅಂದ್ರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತು ವರ್ಷದಲ್ಲಿ ಅವರಲ್ಲಿ ಒಬ್ಬರೂ ನನ್ನ ಒಂದು ರೂಪಾಯಿ ಮುಟ್ಟಿಲ್ಲ. ಕಷ್ಟಕ್ಕೆ ಕದ್ದ ಅಂತ ನಾವು ಸುಲಭವಾಗಿ ಹೇಳಿಬಿಟ್ಟರೆ ಕದಿಯದೇ ಇದ್ದವರಿಗೆ ಬೆಲೆ ಎಲ್ಲಿ ಉಳೀತು? ಜಗಳೂರು ಕಡೆ ಮಳೆ ಇಲ್ಲದ್ದು ಅವನೊಬ್ಬನ ಮನೆಗಲ್ಲ. ನೋಟು ಮಡಿಸುವಾಗ ಅವನ ಕೈ ಅವನ ಮಾತೇ ಕೇಳಿದ್ದು. ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಆದರೆ ತಪ್ಪು ಅವನದು ಅಂತ ಅವನ ಬಾಯಲ್ಲೇ ಬರಬೇಕು.

ಸೈಕಾಲಜಿ ಓದ್ತಿರೋಳು:
ಅಕ್ಕ ಹೇಳಿದ್ದು ನನಗೂ ಸರಿ ಅನ್ನಿಸ್ತು. ಆದರೆ ಪರ್ಸಿನ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸ್‌ಗಳನ್ನು, ದಾರಿಯಲ್ಲಿ ಸಿಕ್ಕಿತು ಅಂತ ಬ್ಯಾಂಕು, ಹೋಟೆಲು, ಅಂಚೆ ಕಚೇರಿ ಕೌಂಟರ್‌ಗಳಲ್ಲಿ ಕೊಟ್ಟು ಬಂದರು. ದುಡ್ಡಿಲ್ಲದ ಪರ್ಸ್‌ಗಿಂತ ದುಡ್ಡಿದ್ದ ಪರ್ಸ್ ವಾಪಸ್ ಕೊಡೋಕೆ ಮುಂದೆ ಬಂದವರೇ ಜಾಸ್ತಿ! ಬಹುತೇಕ ದೇಶಗಳಲ್ಲಿ ಹೀಗೇ ಆಯ್ತು. ತನ್ನನ್ನು ತಾನು ಕಳ್ಳ ಅಂದುಕೊಳ್ಳೋದು ಮನುಷ್ಯನಿಗೆ ಕಷ್ಟ. ಪರ್ಸಿನ ಹಿಂದೆ ಒಬ್ಬ ಅಜ್ಜಿ ಕಾಣಿಸ್ತಾರೆ. ಗಲ್ಲಾದಲ್ಲಿ ಯಾರ ಮುಖವೂ ಕಾಣಲ್ಲ, ಆಮೇಲೆ ಹಾಕಿದರಾಯ್ತು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಹಾಗಾಗಿ ಅಜ್ಜಿ ಹಿಂದೆ ಓಡಿದವನೂ ನೋಟು ಮಡಿಸಿದವನೂ ಒಬ್ಬನೇ ಆಗಿರಬಹುದು, ಒಂದು ನಿಜ ಇನ್ನೊಂದು ನಾಟಕ ಅಂತ ಇರಬೇಕಿಲ್ಲ. ಸರ್, ಎರಡು ವರ್ಷ ಸರಿಯಿದ್ದವನು ಹೋದ ತಿಂಗಳೇ ಯಾಕೆ ಶುರು ಮಾಡಿದ? ಅದನ್ನು ಕೇಳಿದ್ರಾ?

ಬೆಣ್ಣೆನಗರಿ ಕಿರಾಣಿ:
ಕೇಳಿರಲಿಲ್ಲ. ಕೊನೆಯ ಸಾಲು ಓದಿ ನಾಚಿಕೆಯಾಯ್ತು. ಭಾನುವಾರ ಮಧ್ಯಾಹ್ನ ಶೆಟರ್ ಅರ್ಧ ಇಳಿಸಿ ಕೂತು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ. ತಂಗಿಯ ನರ್ಸಿಂಗ್ ಫೀಸಿಗೆ ಅಂತ ಫೋನಿನಲ್ಲೇ ಸಾಲ ಎತ್ತಿದ್ದಾನೆ. ಅದರಲ್ಲಿ ಅರ್ಧ ಫೀಸಿಗೆ ಹೋಗಿದೆ. ಉಳಿದರ್ಧ ಇಮ್ಮಡಿ ಮಾಡ್ತೀನಿ ಅಂತ ಮೊಬೈಲ್ ಇಸ್ಪೀಟಿಗೆ ಹಾಕಿ ಕಳೆದಿದ್ದಾನೆ. ವಸೂಲಿಯವರು ದಿನಕ್ಕೆ ಹತ್ತು ಸಲ ಫೋನ್ ಮಾಡಿ, ನಿನ್ನ ಅಂಗಡಿ ಮಾಲೀಕರಿಗೂ ಮಾಡ್ತೀವಿ ಅಂತ ಹೆದರಿಸ್ತಿದ್ದರಂತೆ. ಫೀಸಿನ ಮಾತು ಮಾತ್ರ ಹೇಳಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡ್ತಿದ್ದೆ. ಇಸ್ಪೀಟಿನ ಮಾತನ್ನು ಅವನಾಗಿ ಹೇಳಿದ. ‘ಅದು ನಂದೇ ತಪ್ಪು ಅಣ್ಣ’ ಅಂದ. ಭಟ್ಟಿ ಅಕ್ಕಾ, ನೀವು ಹೇಳಿದ್ದು ನೆನಪಾಯ್ತು.

ಒಟ್ಟು 3,400 ತೆಗೆದಿದ್ದಾನೆ, ಅವನೇ ಹಿಂದಿನ ದಿನಗಳನ್ನು ನೆನಪು ಮಾಡಿಕೊಂಡು ಬರೆದುಕೊಟ್ಟ. ತಿಂಗಳಿಗೆ ಐನೂರು ಸಂಬಳದಲ್ಲಿ ಹಿಡಿಯೋದು ಅಂತ ಆಗಿದೆ. ತಂದೆ ಇನ್ನೂ ಅವನ ಜೊತೆ ಮಾತಾಡಿಲ್ಲ. ಆದರೆ ರಾತ್ರಿ ಮೂವರೂ ಕೂತು ಗಲ್ಲಾ ಎಣಿಸಬೇಕು ಅಂತ ಹೇಳಿದ್ದು ಅವರೇ. ನಿನ್ನೆ ಎಣಿಸಿದಾಗ ಇಪ್ಪತ್ತು ರೂಪಾಯಿ ಜಾಸ್ತಿ ಬಂತು. ತಂದೆ ಚಿಲ್ಲರೆಯನ್ನೆಲ್ಲ ಹುಡುಗನ ಕಡೆ ಸರಿಸಿ ‘ಇನ್ನೊಂದ್ಸಲ ಎಣಿಸು’ ಅಂದರು. ಆಗಲೂ ಇಪ್ಪತ್ತು ಜಾಸ್ತಿನೇ. ಯಾರಿಗೋ ಚಿಲ್ಲರೆ ಕಡಿಮೆ ಕೊಟ್ಟಿದ್ದೀವಿ. ಯಾರಿಗೆ ಅಂತ ಹುಡುಗ ಇವತ್ತು ಬೆಳಗಿಂದ ಬಂದವರನ್ನೆಲ್ಲ ಕೇಳ್ತಾ ಇದ್ದಾನೆ.