ಘಾಟಿಯಲ್ಲಿ ಕ್ಲಚ್ ಸ್ಲಿಪ್: ಫುಲ್ ಸೆಟ್ಟೇ ಹಾಕಿಸಬೇಕಾ?

ಹೊಸನಗರದವ: ಡೀಸೆಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಹುಲಿಕಲ್ ಘಾಟಿ ಹತ್ತುವಾಗ ಮೂರನೇ ಗೇರಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಬೆಳಿಗ್ಗೆ ರಿವರ್ಸ್ ಹಾಕಿದ್ರೆ ಕರಕರ. ಗ್ಯಾರೇಜಲ್ಲಿ ಫುಲ್ ಸೆಟ್ (ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್) ಅಂತಾರೆ. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಡೀಸೆಲ್: ಸೆಟ್ಟೇ ಹಾಕಿಸಿ. ಬರೀ ಪ್ಲೇಟ್ ಹಾಕಿಸಿ ಉಳಿಸಿದ್ದು 3,200. ಏಳೇ ತಿಂಗಳಿಗೆ ರಿಲೀಸ್ ಬೇರಿಂಗ್, ಅಂದ್ರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ಬೇರಿಂಗ್, ಕೂಗಿತು. ಬೇರಿಂಗಿಗೆ 1,400, ಅದಕ್ಕೋಸ್ಕರ ಗೇರ್‌ಬಾಕ್ಸ್ ಮತ್ತೆ ಇಳಿಸಿದ್ದಕ್ಕೆ ಲೇಬರ್ 4,500, ಗೇರ್ ಆಯಿಲ್ ಬೇರೆ. ಪೆಡಲ್ ಒತ್ತಿದಾಗ ಸದ್ದು ಬಂದ್ರೆ ರಿಲೀಸ್ ಬೇರಿಂಗ್. ಕಾಲು ತೆಗೆದಾಗ ಬಂದು, ಒತ್ತಿದ್ರೆ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಇದನ್ನ ಮೊದಲೇ ಕೇಳಿಸಿಕೊಂಡಿದ್ರೆ ಆರು ಸಾವಿರ ಉಳೀತಿತ್ತು.

ಸಾಗರ್ ಸ್ಪ್ಯಾನರ್: ಅವರು ಕೇಳಿದ್ದು ಬೇರಿಂಗ್ ಅಲ್ಲ ಮಾರಾಯ್ರೆ. ಎಂಜಿನ್ ಕೂಗಿದ್ದು ಸ್ಲಿಪ್, ರಿವರ್ಸ್ ಕರಕರ ಅಂದಿದ್ದು ಡ್ರ್ಯಾಗ್. ಒಂದು ಪೂರ್ತಿ ಹಿಡಿಯದ ರೋಗ, ಇನ್ನೊಂದು ಪೂರ್ತಿ ಬಿಡದ ರೋಗ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದಮೇಲೆ ಬಿಗಿಯಾದ್ರೆ ಡ್ರ್ಯಾಗ್. ರಿವರ್ಸಿಗೆ ಎಷ್ಟೋ ಗಾಡಿಗಳಲ್ಲಿ ಸಿಂಕ್ರೋ (ಗೇರುಗಳ ವೇಗ ಹೊಂದಿಸೋ ಭಾಗ) ಇಲ್ಲ, ಅದಕ್ಕೇ ಕ್ಲಚ್ ಒತ್ತಿ ನಾಲ್ಕು ಸೆಕೆಂಡ್ ಬಿಟ್ಟು ಹಾಕಿ ನೋಡಿ. ಆಗಲೂ ಕರಕರ ಅಂದ್ರೆ ಪೆಡಲ್ ಮೂರು ಸಲ ಪಂಪ್ ಮಾಡಿ. ಸರಿಹೋದ್ರೆ ಕ್ಲಚ್ಚಿನ ಆಯಿಲ್ ಲೈನಲ್ಲಿ ಗಾಳಿ ಇರಬಹುದು, ಸಿಲಿಂಡರ್ ಲೀಕೂ ಇರಬಹುದು. ಗೇರ್‌ಬಾಕ್ಸ್ ಕಡೆ ಕ್ಲಚ್ ತಳ್ಳೋ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಅದು ಹೋಯ್ತು ಅಂತಲೇ ಲೆಕ್ಕ. ಪೆಡಲ್ ಮೇಲ್ಗಡೆ ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಬುಡಕ್ಕೂ ಬೆರಳಾಡಿಸಿ. ಕ್ಲಚ್ ಲೈನಲ್ಲೂ ಇರೋದು ಬ್ರೇಕ್ ಆಯಿಲ್ಲೇ, ಅದು ನೀರು ಹೀರುತ್ತೆ, ನಮ್ಮ ಮಳೆಗಾಲದ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸದಿದ್ರೆ ಸಿಲಿಂಡರ್ ಒಳಗೇ ತುಕ್ಕು.

ಗೋಪಾಳ: ಎಲ್ಲ ಗಾಡಿಗೂ ಹೀಗೆ ಆಯಿಲ್ ಒತ್ತಡದ ಹೈಡ್ರಾಲಿಕ್ ಕ್ಲಚ್ ಇರುತ್ತಾ? ಕೇಬಲ್ ಆದ್ರೆ ಮೊದಲು ಪೆಡಲಿನ ಫ್ರೀ ಪ್ಲೇ (ಕ್ಲಚ್ ಬಿಡೋಕೆ ಮೊದಲಿನ ಸಡಿಲ ಆಟ) ನೋಡಿ. ಪ್ಲೇಟ್ ಸವೆದ ಹಾಗೆ ಫ್ರೀ ಪ್ಲೇ ಕಮ್ಮಿ ಆಗ್ತಾ ಹೋಗುತ್ತೆ. ಪೂರ್ತಿ ಹೋದ್ರೆ ಬೇರಿಂಗ್ ಸದಾ ಪ್ರೆಶರ್ ಪ್ಲೇಟಿಗೆ ಒರಗಿಕೊಂಡೇ ಇರುತ್ತೆ, ಚೆನ್ನಾಗಿರೋ ಪ್ಲೇಟೂ ಸ್ಲಿಪ್ ಆಗುತ್ತೆ. ಕೇಬಲ್ ನಟ್ ತಿರುಗಿಸಿದ್ರೆ ಮುಗೀತು, ಫುಲ್ ಸೆಟ್ಟಿಗೆ 15 ಸಾವಿರ ಯಾಕೆ?

ತೀರ್ಥಹಳ್ಳಿ ಡೀಸೆಲ್: ನಟ್ ತಿರುಗಿಸಿ ತಿರುಗಿಸಿಯೇ ಪ್ಲೇಟಿನ ಲೈನಿಂಗ್ ಸವೆದು ರಿವೆಟ್ ಮೇಲೆ ಓಡಿಸೋದು ನೀವೆಲ್ಲ. ರಿವೆಟ್ ಫ್ಲೈವ್ಹೀಲ್ (ಪ್ಲೇಟ್ ಒತ್ತಿಕೊಳ್ಳೋ ಎಂಜಿನ್ ಚಕ್ರ) ಕೊರೆದಮೇಲೆ ಲೇತ್ ಖರ್ಚು ಯಾರು ಕೊಡ್ತಾರೆ?

ಗೋಪಾಳ: ಬರೀ ಪ್ಲೇಟ್ ಹಾಕಿಸಿದವರು ಪಾಠ ಹೇಳಬೇಡಿ.

ಕೊಪ್ಪದ ಹಳೇ ಗಾಡಿ: ಟೆಸ್ಟ್ ಮಾಡದೆ ಎಂಥ ಜಗಳ? ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ, ಫುಟ್‌ಬ್ರೇಕ್ ಮೇಲೂ ಕಾಲು, ಎದುರಿಗೆ ಯಾರೂ ನಿಲ್ಲಬಾರದು. ಮೂರನೇ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಗಪ್ಪನೆ ಆಫ್ ಆದ್ರೆ ಕ್ಲಚ್ ಸದ್ಯಕ್ಕೆ ಹಿಡೀತಿದೆ. ಓಡ್ತಾನೇ ಇದ್ರೆ ತಕ್ಷಣ ಕ್ಲಚ್ ಒತ್ತಿ, ಸ್ಲಿಪ್ ಗ್ಯಾರಂಟಿ. ಒಂದೇ ಸಲ ಸಾಕು, ನಾಲ್ಕು ಜನರಿಗೆ ತೋರಿಸೋಕೆ ಹೋದ್ರೆ ಉಳಿದ ಲೈನಿಂಗೂ ಸುಟ್ಟು ಹೋಗುತ್ತೆ. ಕ್ಲಚ್ ಮುಚ್ಚಿರೋ ಬೆಲ್ ಹೌಸಿಂಗ್ ಕೆಳಗೆ ಎಣ್ಣೆ ಇದ್ರೆ ಮೂಸಿ. ಗಂಧಕದ ವಾಸನೆ ಬಂದ್ರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟ್ ಸೀಲ್. ಕಪ್ಪಗಿನ ಎಂಜಿನ್ ಆಯಿಲ್ ಆದ್ರೆ ಕ್ರ್ಯಾಂಕ್ ಹಿಂದಿನ ಸೀಲ್. ಸೀಲ್ ಬಿಟ್ಟು ಸೆಟ್ ಹಾಕಿಸಿದ್ರೆ ಹೊಸ ಪ್ಲೇಟೂ ಎಣ್ಣೆ ಕುಡಿಯುತ್ತೆ. ಆಮೇಲೆ, ಆಗುಂಬೆಯ 14 ತಿರುವಲ್ಲೂ ಹಾಫ್ ಕ್ಲಚ್ಚಲ್ಲಿ ನಿಲ್ಲೋ ಚಟ ಬಿಡಿ.

ಸಾಗರ್ ಸ್ಪ್ಯಾನರ್: ಇಳಿಯೋರು ಜಾಗ ಬಿಟ್ರೆ ಯಾರು ನಿಲ್ತಾರೆ? ಹತ್ತೋ ಗಾಡಿಗೆ ಮೊದಲು ದಾರಿ ಅನ್ನೋದೇ ಮರೆತಿದ್ದಾರೆ.

ಕೊಪ್ಪದ ಹಳೇ ಗಾಡಿ: ಹ್ಯಾಂಡ್‌ಬ್ರೇಕ್ ಎಳೆಯೋಕೆ ಬೇರೆಯವರು ಬರಬೇಕಾ?

ಹೊಸನಗರದವ: ನೋಡಿದೆ. ಹೈಡ್ರಾಲಿಕ್ಕೇ, ಸ್ಲೇವ್ ಬೂಟ್ ಒಳಗೆ ಒದ್ದೆ. ಮೂರನೇ ಗೇರಲ್ಲಿ ಎಂಜಿನ್ ಆಫ್ ಆಗಲೇ ಇಲ್ಲ.

ಸಾಗರ್ ಸ್ಪ್ಯಾನರ್: ಹೇಳಿದ್ನಲ್ಲ, ಸ್ಲೇವ್!

ತೀರ್ಥಹಳ್ಳಿ ಡೀಸೆಲ್: ಸ್ಲೇವ್ ಲೀಕಾದ್ರೆ ಕ್ಲಚ್ ಬಿಡಲ್ಲ, ಸ್ಲಿಪ್ ಆಗಲ್ಲ. ಆಫ್ ಆಗಿಲ್ಲ ಅಂದ್ರೆ ಸೆಟ್ ಹೋಗಿದೆ, ಎರಡೂ ಮಾಡಿಸಿ. ಇಳಿಸಿದಾಗ ಫ್ಲೈವ್ಹೀಲಲ್ಲಿ ನೀಲಿ ಕಲೆ ಇದ್ರೆ ಲೇತಿಗೆ ಕಳಿಸೋ ಮೊದಲು ಡ್ಯುಯಲ್ ಮಾಸಾ (ಎರಡು ಭಾಗ, ನಡುವೆ ಸ್ಪ್ರಿಂಗ್ ಇರೋದಾ) ಅಂತ ಕೇಳಿ. ಡ್ಯುಯಲ್ ಮಾಸ್ ಆದ್ರೆ ಸಾದಾದರ ಹಾಗೆ ಲೇತಿಗೆ ಹಾಕಬಾರದು.

ಗೋಪಾಳ: ಕೇಬಲ್ ಗಾಡಿ ತಗೊಂಡಿದ್ರೆ ಈ ಸ್ಲೇವ್ ಗೋಳೇ ಇರ್ತಿರಲಿಲ್ಲ.