ಲ್ಯಾಬ್ ನಾಯಿಗೆ ಇರುಳುಗಣ್ಣು, ಕ್ರಾಸ್ ಮಾಡಿಸಬಹುದಾ?

ಬದಿಯಡ್ಕದಿಂದ ಕೇಳಿದ್ದು: ನಮ್ಮ ಗಂಡು ಲ್ಯಾಬ್‌ಗೆ ನಾಲ್ಕು ವರ್ಷ. ಹಗಲು ಆರಾಮಾಗಿ ಓಡಾಡುತ್ತಾನೆ, ಕತ್ತಲಾದರೆ ತೋಟಕ್ಕೆ ಇಳಿಯುವುದೇ ಇಲ್ಲ. ಡಾಕ್ಟರು ಪಿ.ಆರ್.ಎ. ಇರಬಹುದು, ವಂಶದಲ್ಲಿ ಬರುವ ಕಣ್ಣಿನ ಕಾಯಿಲೆ ಅಂದರು. ಅವನನ್ನು ಕ್ರಾಸಿಂಗ್‌ಗೆ ಕೇಳುತ್ತಿದ್ದಾರೆ. ಏನು ಮಾಡಲಿ?

ಪೆರ್ಲದಿಂದ: ಅಣ್ಣ, ಕ್ರಾಸ್ ಮಾತ್ರ ಖಂಡಿತ ಬೇಡ. ನಮ್ಮ ಹೆಣ್ಣು ಲ್ಯಾಬ್‌ಗೂ ಇದೇ ಆಗಿದೆ. ಸಂಜೆ ಜಗಲಿಯ ಅಂಚಿಗೆ ಬಂದು ಮುಂಗಾಲಿನಿಂದ ಮೆಟ್ಟಿಲನ್ನು ತಡವಿ ತಡವಿ ನೋಡುತ್ತಿದ್ದಳು, ಟಾರ್ಚ್ ಬಿಟ್ಟರೆ ಕಣ್ಣು ಮೊದಲಿಗಿಂತ ಜಾಸ್ತಿ ಹೊಳೆಯುತ್ತಿತ್ತು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆ, ಅಂದರೆ ರೆಟಿನಾ, ನಿಧಾನವಾಗಿ ಸವೆಯುವ ಕಾಯಿಲೆ ಇದು. ನೋವಿಲ್ಲ, ಆದರೆ ವಾಸಿ ಮಾಡುವ ಮದ್ದೂ ಇಲ್ಲ. ಲ್ಯಾಬ್, ಕಾಕರ್, ಪೂಡಲ್‌ಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ತಂದೆ-ತಾಯಿ ಎರಡರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಮರಿಗೆ ಕಾಯಿಲೆ. ಒಂದೇ ಇದ್ದರೆ ಕಣ್ಣು ಚೆನ್ನಾಗಿಯೇ ಇರುತ್ತದೆ, ಅಂಥ ಎರಡು ನಾಯಿ ಸೇರಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಿಮ್ಮವನಿಗೆ ಕಾಯಿಲೆ ಇದ್ದರೆ ಅವನ ಎಲ್ಲ ಮರಿಗಳಿಗೂ ಆ ಜೀನ್ ಹೋಗುತ್ತದೆ, ಮರಿ ಕೊಂಡವರಿಗೆ ಏನೂ ಗೊತ್ತಾಗುವುದಿಲ್ಲ. ಅದು ನ್ಯಾಯ ಅಲ್ಲ ಅಲ್ವಾ? ಕೆನೆಲ್ ಕ್ಲಬ್ ಪೇಪರ್ ಹೇಳುವುದು ವಂಶವನ್ನು, ಕಣ್ಣಿನ ಆರೋಗ್ಯವನ್ನಲ್ಲ. ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆದು ಡಿ.ಎನ್.ಎ. ಟೆಸ್ಟ್‌ಗೆ ಕಳಿಸಬಹುದು. ಆದರೆ ಪಿ.ಆರ್.ಎ.ಗೆ ಕಾರಣವಾಗುವ ಜೀನ್‌ಗಳು ಹಲವು, ಒಂದು ಟೆಸ್ಟ್ ಕ್ಲಿಯರ್ ಬಂತೆಂದು ಸುಮ್ನೆ ಕೂರಬೇಡಿ, ಕಣ್ಣಿನ ಪರೀಕ್ಷೆಯೂ ಆಗಲಿ.

ಮುಂದೆ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಬಹುದು, ಆಗ ಆಪರೇಷನ್ ಮಾಡಿಸಿ ಎನ್ನುವವರು ಸಿಗುತ್ತಾರೆ. ರೆಟಿನಾವೇ ಹೋಗಿದ್ದರೆ ಪೊರೆ ತೆಗೆದೂ ಪ್ರಯೋಜನ ಇಲ್ಲ, ಮೊದಲು ಇ.ಆರ್.ಜಿ., ಅಂದರೆ ರೆಟಿನಾ ಕೆಲಸ ಮಾಡುತ್ತಿದೆಯಾ ಎಂದು ನೋಡುವ ಪರೀಕ್ಷೆ, ಮಾಡಿಸಬೇಕು. ಅದು ಎಲ್ಲ ಕಡೆ ಇಲ್ಲ, ಚೆನ್ನೈನ ಮದ್ರಾಸ್ ವೆಟರ್ನರಿ ಕಾಲೇಜಿನಂಥ ದೊಡ್ಡ ಕಡೆ ಫೋನ್ ಮಾಡಿ ಕೇಳಿ.

ಇವತ್ತೇ ಮಾಡಬೇಕಾದ್ದು ಬಾವಿಗೆ, ತೋಟದ ಕೆರೆಗೆ ಬೇಲಿ. ಅಡಕೆ ತೋಟದ ಮನೆಗಳಲ್ಲಿ ಅದೇ ದೊಡ್ಡ ಭಯ. ಅನ್ನದ ತಟ್ಟೆಯ ಜಾಗ ಬದಲಿಸಬೇಡಿ, ಮುಟ್ಟುವ ಮೊದಲು ಹೆಸರು ಕರೆಯಿರಿ. ನಮ್ಮವಳು ಈಗ ಹಗಲೂ ಹೆಚ್ಚು ಕಾಣುವುದಿಲ್ಲ, ಆದರೂ ಜೀಪಿನ ಸದ್ದಿಗೆ ಗೇಟಿನ ತನಕ ನೇರ ಹೋಗುತ್ತಾಳೆ.

ಮುಳ್ಳೇರಿಯದಿಂದ: ಒಂದು ಮಾತು ಸೇರಿಸುತ್ತೇನೆ. ಎಲ್ಲ ಕಣ್ಣಿನ ಕಾಯಿಲೆಯೂ ಹೀಗೆ ನಿಧಾನ ಅಲ್ಲ. ನಮ್ಮ ಕಾಕರ್‌ಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗೆ ಪ್ರೆಶರ್ ಏರುವ ಕಾಯಿಲೆ, ಆಗಿ ಕಣ್ಣು ಕೆಂಪಾಗಿ ಮಬ್ಬಾಯಿತು, ನೋವಿಗೆ ತಲೆ ಮುಟ್ಟಲೂ ಬಿಡಲಿಲ್ಲ. ಅದೂ ಕಾಕರ್‌ಗಳಲ್ಲಿ ವಂಶದಿಂದ ಬರುವಂಥದ್ದೇ, ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಅಂಥ ಕಣ್ಣು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಮನೆಯಲ್ಲಿದ್ದ ಡ್ರಾಪ್ಸ್ ಹಾಕಬೇಡಿ, ಕಣ್ಣಲ್ಲಿ ಹುಣ್ಣಿದ್ದರೆ ಸ್ಟೀರಾಯ್ಡ್ ಡ್ರಾಪ್ಸ್ ಅದನ್ನು ಇನ್ನೂ ಕೆಡಿಸುತ್ತದೆ. ಅದೇ ದಿನ ಡಾಕ್ಟರ ಹತ್ತಿರ ಹೋಗಿ ಕಣ್ಣಿನ ಪ್ರೆಶರ್ ನೋಡಿಸಿ.